ಮಿಲಿಟರಿ ಗುಜರಿಯ ಜನರೇಟರು: ಬಿಡಿಭಾಗ ಮೊದಲು, ಯಂತ್ರ ಆಮೇಲೆ



ನಂದಿಕೂರಿನ ಪಕ್ಕದ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳ ವಿದ್ಯುತ್ ಸ್ಥಾವರವಿದೆ. ಅಲ್ಲಿ ಹುಟ್ಟಿದ ಕರೆಂಟು 400 ಕಿಲೋವೋಲ್ಟಿನ ತಂತಿಯಲ್ಲಿ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಹೋಗುತ್ತದೆ. ಆದರೆ ಆಟಿ ತಿಂಗಳ ಗಾಳಿಗೆ ಹಲಸಿನ ಕೊಂಬೆಯೊಂದು ನಮ್ಮ ತೋಟದ ತಂತಿಯ ಮೇಲೆ ಬಿದ್ದರೆ ಎರಡು ದಿನ ಮನೆಯಲ್ಲಿ ಚಿಮಣಿ ದೀಪವೇ ಗತಿ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ದೊಡ್ಡ ತಂತಿ ಬೇರೆ, ತೋಟದ ಕಂಬದ ತಂತಿ ಬೇರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮಗಾಗಿಯೇ ಹುಟ್ಟಿದ್ದೆಂದು ತಿಳಿದು ಸುಮ್ಮನಿರಬೇಕು.

ಕತ್ತಲೆಯನ್ನು ಸಹಿಸಬಹುದು, ಬೆಳೆ ಸಹಿಸುವುದಿಲ್ಲ. ಬೇಸಗೆಯಲ್ಲಿ ನೀರು ತಪ್ಪಿದರೆ ಅಡಿಕೆಯ ನಳ್ಳಿ ಉದುರುತ್ತದೆ. ಘಟ್ಟದ ಮೇಲಿನ ಸದಸ್ಯರಿಗೆ ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರ್ ತಿರುಗಬೇಕು. ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚಿಯಲ್ಲಿ ಸ್ಪ್ರಿಂಕ್ಲರ್ ಓಡಬೇಕು. ಆದುದರಿಂದ ಕಚೇರಿಗೆ ಬಂದ ಸದಸ್ಯರು ಹಲವು ಸಲ ಕೇಳಿದ್ದಾರೆ: "ಸೆಕ್ರೆಟರಿಗಳೇ, ಮಿಲಿಟರಿಯವರು ಹರಾಜು ಹಾಕುವ ಜನರೇಟರು ಟ್ರೈಲರ್ ಸಮೇತ ಅಗ್ಗಕ್ಕೆ ಸಿಗುತ್ತದಂತೆ. ಸಂಘದಿಂದಲೇ ಒಂದು ಲಾಟು ತರಿಸಬಾರದೇ?"

ಬಾಯಿಮಾತಿನ ಉತ್ತರ ಸಾಲದೆಂದು ಈ ಬರಹ. ಇಂಥ ಯಂತ್ರವನ್ನು ಒಮ್ಮೆ ಕೊಂಡು ಕೆಟ್ಟವನೂ, ಇನ್ನೊಮ್ಮೆ ಕೊಂಡು ಬದುಕಿದವನೂ ನಾನೇ ಆಗಿರುವುದರಿಂದ ಬರೆಯುವ ಹಕ್ಕಿದೆ ಎಂದು ಭಾವಿಸುತ್ತೇನೆ.

ಇವು ಎಲ್ಲಿಂದ ಬರುತ್ತವೆ

ಸೇನೆಯು ತನಗೆ ಬೇಡವಾದ ಸಾಮಾನುಗಳನ್ನು ಮಾರುವುದು ಹೊಸತಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಜೀಪು, ಟ್ರೈಲರ್, ಜನರೇಟರುಗಳು ದೇಶದ ತುಂಬ ರಾಶಿ ಬಿದ್ದಿದ್ದವು. ಆ ಕಾಲದ ಒಂದು ಉದಾಹರಣೆ ನಮಗೆ ಪಾಠವಾಗಬಲ್ಲದು. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯವರು ಯುದ್ಧದಲ್ಲಿ ಮಿಕ್ಕ ಡಕೋಟಾ ವಿಮಾನಗಳನ್ನು ರಿಪೇರಿ ಮಾಡಿ ನಾಗರಿಕ ಬಳಕೆಗೆ ಒಪ್ಪಿಸಿದರು. ಅದು ಸಾಧ್ಯವಾದದ್ದು ಯುದ್ಧಕಾಲದಲ್ಲಿಯೇ ಅಂಥ ವಿಮಾನಗಳನ್ನು ಬಿಚ್ಚಿ ಜೋಡಿಸಿದ ಕೈಗಳೂ ಉಪಕರಣಗಳೂ ಅಲ್ಲಿ ಇದ್ದುದರಿಂದ.

ಇನ್ನೊಂದು ಉದಾಹರಣೆ ಕೊಡಗಿನ ರಸ್ತೆಗಳಲ್ಲಿ ಓಡಾಡಿದೆ. ಜಬಲ್ಪುರದಲ್ಲಿ ಸೇನೆಗಾಗಿ 1969ರಿಂದ 1999ರ ತನಕ ತಯಾರಾದ ಜೋಂಗಾ ವಾಹನ ಹರಾಜಿನ ಮೂಲಕ ಎಷ್ಟೋ ಕಾಫಿ ತೋಟಗಳಿಗೆ ಬಂದಿತು. ಅದರದು ಸುಮಾರು 4 ಲೀಟರಿನ ಪೆಟ್ರೋಲ್ ಎಂಜಿನ್. ಎಣ್ಣೆಯ ಖರ್ಚು ತಾಳಲಾರದೆ ಹಲವರು ಅದನ್ನು ಇಳಿಸಿ, ಬಿಡಿಭಾಗ ಪೇಟೆಯಲ್ಲಿ ಸಿಗುವ ಡೀಸೆಲ್ ಎಂಜಿನ್ ಕೂರಿಸಿದರು. ಗಟ್ಟಿ ಚಾಸಿ ಉಳಿಯಿತು, ಪೂರೈಸಲಾಗದ ಎಂಜಿನ್ ಹೋಯಿತು.

ಈಗ ರಕ್ಷಣಾ ಇಲಾಖೆಯ ನಿರುಪಯುಕ್ತ ಸಾಮಾನು ಎಂ.ಎಸ್.ಟಿ.ಸಿ. ಎಂಬ ಕೇಂದ್ರ ಸರಕಾರಿ ಸಂಸ್ಥೆಯ ಇ-ಹರಾಜಿನಲ್ಲಿ ಮಾರಾಟವಾಗುತ್ತದೆ. ನಿಯಮ ಒಂದೇ: ಇದ್ದಲ್ಲಿ, ಇದ್ದಂತೆ. ಗ್ಯಾರಂಟಿ ಇಲ್ಲ. ಲಾಟಿನಲ್ಲಿ ಒಂದು ಒಳ್ಳೆಯದರ ಜೊತೆಗೆ ನಾಲ್ಕು ಸತ್ತವೂ ಇರಬಹುದು. ನಮ್ಮವರು ಹೆಚ್ಚಾಗಿ ಕೊಳ್ಳುವುದು ಹೀಗೆ ಲಾಟು ಹಿಡಿದ ಗುಜರಿ ವ್ಯಾಪಾರಿಯಿಂದ, ಮೇಲೆ ಹಸುರು ಬಣ್ಣ ಹೊಸದಾಗಿ ಬಳಿದ ಮೇಲೆ.

ನಾನು ಕೆಟ್ಟ ಕಥೆ

ಹಲವು ವರ್ಷಗಳ ಹಿಂದೆ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಎರಡು ಚಕ್ರದ ಟ್ರೈಲರ್ ಮೇಲೆ ಕೂರಿಸಿದ ಸೆಟ್ಟೊಂದನ್ನು ಕಂಡೆ. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಹಿತ್ತಾಳೆ ಫಲಕದಲ್ಲಿ 400 ಎಂದು ಕೆತ್ತಿತ್ತು. ನಮ್ಮ ಮೂರು ಫೇಸಿನ ಪಂಪಿಗೆ ಬೇಕಾದದ್ದು 400 ವೋಲ್ಟು ಚಿಲ್ಲರೆಯೇ ತಾನೇ ಎಂದು ಹಣ ಎಣಿಸಿದೆ.

ಮನೆಗೆ ತಂದು ಪಂಪಿಗೆ ಜೋಡಿಸಿದಾಗ ಮೋಟಾರು ಸಿಳ್ಳೆ ಹಾಕಿತೇ ಹೊರತು ತಿರುಗಲಿಲ್ಲ. ವೈಂಡಿಂಗ್ ಅಂಗಡಿಯವನು ಬಂದು ಫಲಕದ ಮೇಲಿನ ಮಸಿ ಒರಸಿ ತೋರಿಸಿದ. ಆ 400 ವೋಲ್ಟಲ್ಲ, ಸೈಕಲ್! ವಿಮಾನಕ್ಕೆ, ರಾಡಾರಿಗೆ ಬೇಕಾದ ಕರೆಂಟು ಅದು. ಬಿ.ಎಸ್ಸಿ. ಓದಿದವನು ನಾನು, ಒಂದು ಫಲಕ ಓದಲಾರದೆ ಹೋದೆ. ಕೊನೆಗೆ ಆಲ್ಟರ್ನೇಟರು ತಾಮ್ರದ ತೂಕಕ್ಕೆ ಹೋಯಿತು. ಟ್ರೈಲರ್ ಮಾತ್ರ ಇಂದಿಗೂ ಹಸಿ ಅಡಿಕೆ ಹೊರುತ್ತಿದೆ. ಅದರ ಚಕ್ರ, ಬೇರಿಂಗು, ಟಯರು ಎಲ್ಲವೂ ಜೀಪಿನವೇ ಆದುದರಿಂದ ಯಾವ ಗ್ಯಾರೇಜಿನಲ್ಲಾದರೂ ರಿಪೇರಿಯಾಗುತ್ತದೆ.

ಒಂದೇ ದಿನ, ಒಂದೇ ಕಡೆ ಕೊಂಡ ಎರಡು ಸಾಮಾನು. ಒಂದಕ್ಕೆ ಪೇಟೆಯಲ್ಲಿ ಜೊತೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಈ ಬರಹದ ಸಾರ ಇಷ್ಟೇ.

ಫಲಕ ಓದುವ ಕ್ರಮ

1. ಸೈಕಲ್ (ಹರ್ಟ್ಸ್): ನಮ್ಮ ದೇಶದ್ದು 50. ನಾಲ್ಕು ಪೋಲಿನ ಆಲ್ಟರ್ನೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಸೈಕಲ್, 1800 ತಿರುಗಿದರೆ 60. ಅಮೆರಿಕನ್ ಸೆಟ್ಟುಗಳು ಸಾಮಾನ್ಯವಾಗಿ 60ರವು. ವೇಗ ಇಳಿಸಿ 50ಕ್ಕೆ ತಂದರೆ ವೋಲ್ಟೇಜೂ ಶಕ್ತಿಯೂ ಅದೇ ಪ್ರಮಾಣದಲ್ಲಿ, ಆರರಲ್ಲಿ ಒಂದು ಪಾಲು, ಇಳಿಯುತ್ತವೆ. ಇಳಿಸದೆ ಪಂಪಿಗೆ ಕೊಟ್ಟರೆ ಪಂಪು ಶೇಕಡಾ 20ರಷ್ಟು ವೇಗವಾಗಿ ತಿರುಗಿ, ಮೋಟಾರಿನ ಮೇಲಿನ ಭಾರ ಸುಮಾರು ಒಂದೂ ಮುಕ್ಕಾಲು ಪಾಲಿಗೆ ಏರುತ್ತದೆ. ಮೋಟಾರು ಸುಡಲು ಅಷ್ಟು ಸಾಕು. 400 ಸೈಕಲಿನದ್ದನ್ನು ಮುಟ್ಟಲೇಬೇಡಿ.

2. ಎ.ಸಿ.ಯೋ ಡಿ.ಸಿ.ಯೋ: 28 ವೋಲ್ಟಿನ ಡಿ.ಸಿ. ಸೆಟ್ಟುಗಳು ವಿಮಾನದ ಎಂಜಿನ್ ಚಾಲೂ ಮಾಡಲು ಮತ್ತು ಬ್ಯಾಟರಿ ಚಾರ್ಜಿಗೆ ಇರುವಂಥವು. ಪಂಪಿಗೆ ಉಪಯೋಗವಿಲ್ಲ.

3. ಫೇಸು ಮತ್ತು ವೋಲ್ಟೇಜು: ಪಂಪಿಗಾದರೆ 415 ವೋಲ್ಟು, ಮೂರು ಫೇಸು.

4. ಎಂಜಿನ್ ಮಾಡಿದ ಕಂಪೆನಿಯ ಹೆಸರು, ಮಾದರಿ, ನಂಬರು: ಸೆಟ್ಟು ಜೋಡಿಸಿದವರ ಹೆಸರಿಗಿಂತ ಇದು ಮುಖ್ಯ. ಎಂಜಿನಿಗೆ ಬೇರೆ ಫಲಕ, ಆಲ್ಟರ್ನೇಟರಿಗೆ ಬೇರೆ ಫಲಕ ಇರುತ್ತದೆ. ಫಲಕ ಕಿತ್ತ ಯಂತ್ರವನ್ನು ಕೊಳ್ಳಬಾರದು.

ಜನರೇಟರು ಬೇಕೇ ಬೇಕೆ?

ಬರೇ ನೀರೆತ್ತುವುದಕ್ಕಾದರೆ ಡೀಸೆಲ್ ಎಂಜಿನಿಗೆ ನೇರವಾಗಿ ಪಂಪು ಜೋಡಿಸುವುದೇ ಲಾಭ. 5 ಅಶ್ವಶಕ್ತಿಯ ಡೀಸೆಲ್ ಪಂಪಿಗೆ ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸಾಕು. ಅದೇ 5 ಅಶ್ವಶಕ್ತಿಯ ಮೋಟಾರನ್ನು ಜನರೇಟರಿನಿಂದ ಓಡಿಸಲು ಸುಮಾರು ಒಂದೂವರೆ ಲೀಟರ್ ಬೇಕು. ಒಳ್ಳೆಯ ಡೀಸೆಲ್ ಸೆಟ್ಟೂ ಲೀಟರಿಗೆ 3 ಯೂನಿಟಿನ ಆಸುಪಾಸಿನಲ್ಲೇ ಕರೆಂಟು ಕೊಡುತ್ತದೆ.

ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪು, ಪಲ್ಪರ್, ಮನೆಯ ದೀಪ ಎಲ್ಲವೂ ಇದ್ದವರಿಗೆ ಮಾತ್ರ ಜನರೇಟರು ಅಗತ್ಯ. ಆಗಲೂ ಅಳತೆ ಸರಿಯಾಗಿರಬೇಕು. ಮೋಟಾರು ಹೊರಡುವಾಗ ಎಂದಿನ ಆರು ಪಾಲು ಕರೆಂಟು ಎಳೆಯುತ್ತದೆ. ಆದುದರಿಂದ 5 ಅಶ್ವಶಕ್ತಿಯ ಮೋಟಾರಿಗೆ 12ರಿಂದ 15 ಕೆ.ವಿ.ಎ. ಸೆಟ್ಟು ಬೇಕಾಗುತ್ತದೆ. ಹಾಗೆಂದು ಅಗ್ಗಕ್ಕೆ ಸಿಕ್ಕಿತೆಂದು 60 ಕೆ.ವಿ.ಎ. ಸೆಟ್ಟು ತಂದು ನಾಲ್ಕು ಬಲ್ಬು ಉರಿಸಿದರೆ ಎಂಜಿನ್ ಬಿಸಿಯೇರದೆ, ಅರೆಬೆಂದ ಡೀಸೆಲ್ ಮಸಿಯಾಗಿ ಸೈಲೆನ್ಸರ್, ನಾಝಲ್, ಪಿಸ್ಟನ್ ರಿಂಗುಗಳಲ್ಲಿ ಕೂರುತ್ತದೆ. ಸದಾ ಮೂರನೇ ಒಂದು ಪಾಲಿಗಿಂತ ಹೆಚ್ಚು ಭಾರ ಇರುವಂತೆ ನೋಡಿಕೊಳ್ಳಬೇಕು.

ಬಿಡಿಭಾಗ ಹುಡುಕುವ ಬಗೆ

"ಮಿಲಿಟರಿ ಸ್ಪೇರ್ ಸಿಗುವುದಿಲ್ಲ" ಎಂಬುದು ಅರ್ಧ ಸತ್ಯ. ಸೇನೆ ಹೆಚ್ಚಿನ ಬಿಡಿಭಾಗಗಳನ್ನು ತಾನೇ ಮಾಡುವುದಿಲ್ಲ, ಕಂಪೆನಿಗಳಿಂದ ಕೊಂಡು ತನ್ನ ನಂಬರು ಹಾಕುತ್ತದೆ. ಆ ನಂಬರಿನ ಹಿಂದಿರುವ ಸಾಮಾನ್ಯ ವಸ್ತುವನ್ನು ಗುರುತಿಸುವುದೇ ನಮ್ಮ ಕೆಲಸ.

ವಿದೇಶೀ ಸೆಟ್ಟುಗಳ ಭಾಗಗಳ ಮೇಲೆ ಹೆಚ್ಚಾಗಿ 13 ಅಂಕಿಯ ಸ್ಟಾಕ್ ನಂಬರು ಇರುತ್ತದೆ. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗವನ್ನು ಹೇಳುತ್ತದೆ: 6115 ಜನರೇಟರು, 2815 ಡೀಸೆಲ್ ಎಂಜಿನ್, 2910 ಎಂಜಿನಿನ ಇಂಧನ ವ್ಯವಸ್ಥೆ, 2920 ಎಂಜಿನಿನ ವಿದ್ಯುತ್ ಭಾಗ, 2940 ಫಿಲ್ಟರು, 3110 ಬೇರಿಂಗು, 2330 ಟ್ರೈಲರ್, 2530 ಬ್ರೇಕು, ಆಕ್ಸಲ್, ಚಕ್ರದ ಭಾಗಗಳು. ಈ ನಂಬರು ತಿಳಿದರೆ ಅದನ್ನು ತಯಾರಿಸಿದ ಕಂಪೆನಿಯ ಸ್ವಂತ ನಂಬರನ್ನು ಹುಡುಕಬಹುದು.

ಬೇರಿಂಗು: ಅಂಚಿನಲ್ಲಿ ಕೊರೆದ ಅಂಕಿ ನೋಡಿ. 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರು. ಲೋಕದಲ್ಲಿ ಯಾರು ಮಾಡಿದರೂ ಅಷ್ಟೇ. ಉಡುಪಿಯಲ್ಲೇ ಸಿಗುತ್ತದೆ.

ಆಯಿಲ್ ಸೀಲು, ಬೆಲ್ಟು: ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ, ಬೆಲ್ಟಿಗೆ ಅಗಲದ ವರ್ಗ ಮತ್ತು ಉದ್ದ. ಹಳೆಯದನ್ನು ಬಿಸಾಡಬೇಡಿ, ಅಂಗಡಿಗೆ ಒಯ್ಯಿರಿ.

ನಾಝಲ್, ಫ್ಯುಯಲ್ ಪಂಪು: ಮೈಮೇಲಿನ ನಂಬರನ್ನು ಬರೆದುಕೊಂಡು ಡೀಸೆಲ್ ಪಂಪ್ ರಿಪೇರಿಯವರಲ್ಲಿಗೇ ಹೋಗಬೇಕು. ಇದನ್ನು ಗ್ಯಾರೇಜಿನ ಬೆಂಚಿನಲ್ಲಿ ಬಿಚ್ಚಿಸಬಾರದು.

ವೋಲ್ಟೇಜ್ ರೆಗ್ಯುಲೇಟರು: ಸೇನೆಯ ಮೂಲ ರೆಗ್ಯುಲೇಟರು ಸಿಗುವುದು ಕಷ್ಟ. ಆದರೆ ಬ್ರಶ್ ಇಲ್ಲದ ಆಲ್ಟರ್ನೇಟರಾದರೆ ಅನುಭವಿ ವೈಂಡರು ಅಳತೆ ತೆಗೆದು ಪೇಟೆಯ ಎ.ವಿ.ಆರ್. ಹೊಂದಿಸಿ ಕೊಡಬಲ್ಲ.

ದೇಶೀ ಎಂಜಿನ್ ಇರುವ ಸೆಟ್ಟಾದರೆ ಕೆಲಸ ಇನ್ನೂ ಹಗುರ. ಕಿರ್ಲೋಸ್ಕರ್ ಮಾದರಿಯ ಎಂಜಿನಿಗೆ ರಿಂಗು, ಗ್ಯಾಸ್ಕೆಟ್ಟುಗಳನ್ನು ನಮ್ಮ ಜಿಲ್ಲೆಯೊಳಗೇ ತರಬಹುದು. ಲಿಸ್ಟರ್ ಮಾದರಿಯ ನಿಧಾನಗತಿಯ ಎಂಜಿನುಗಳಿಗೆ ರಾಜಕೋಟೆಯ ಭಾಗಗಳು ಹೊಂದುತ್ತವೆ. ಅಪರೂಪದ ವಾಹನ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ವಿದ್ಯುತ್ ಭಾಗಗಳಿಗೆ ಎಸ್.ಪಿ. ರಸ್ತೆ, ಹಳೆಯ ಭಾಗಗಳಿಗೆ ಶಿವಾಜಿನಗರದ ಗುಜರಿ. ಹೋಗುವಾಗ ಮಾದರಿ ವಸ್ತು ಕೈಯಲ್ಲಿರಲಿ.

ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿರಿ. ಆಯಿಲ್ ಫಿಲ್ಟರು, ಡೀಸೆಲ್ ಫಿಲ್ಟರು, ನಾಝಲ್, ಹೆಡ್ ಗ್ಯಾಸ್ಕೆಟ್, ರಿಂಗು ಈ ಐದರ ನಂಬರು ಬರೆದುಕೊಂಡು ಎರಡು ಅಂಗಡಿಗಳಲ್ಲಿ ವಿಚಾರಿಸಿ. ಐದೂ ಸಿಗುವುದಾದರೆ ಯಂತ್ರದ ಬೆಲೆಯ ಮಾತಾಡಿ. ಎರಡು ಸಿಗದಿದ್ದರೂ ಮನೆಗೆ ಬನ್ನಿ.

ಹಳೆಯ ಯುದ್ಧಕಾಲದ ಮೀಟರುಗಳ ಕುರಿತು ಒಂದು ಎಚ್ಚರಿಕೆ. ಕತ್ತಲಲ್ಲಿ ಕಾಣಲೆಂದು ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿರುವುದುಂಟು. ಗಾಜು ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ, ಹರಾಜಿನಲ್ಲಿ ಬಂದ ಒಂದು ಪ್ರಯೋಗಶಾಲೆಯ ಯಂತ್ರವನ್ನು ಒಡೆದಾಗ ಅದರೊಳಗಿನ ಕೋಬಾಲ್ಟ್-60ರಿಂದ ಒಬ್ಬ ಕೂಲಿಯವನ ಪ್ರಾಣವೇ ಹೋಯಿತು. ಏನೆಂದು ತಿಳಿಯದ ಪೆಟ್ಟಿಗೆಯನ್ನು ಒಡೆಯಬಾರದು.

ಮೊದಲ ಸಲ ಚಾಲೂ ಮಾಡುವ ಮೊದಲು

ಸೇನೆಯ ಸೆಟ್ಟು ಹೆಚ್ಚು ಓಡಿರುವುದಿಲ್ಲ, ಆದರೆ ಬಹಳ ಕಾಲ ನಿಂತಿರುತ್ತದೆ. ನಿಂತ ಯಂತ್ರದ ರೋಗವೇ ಬೇರೆ. ರಬ್ಬರ್ ಪೈಪುಗಳು ಒಡೆದಿರುತ್ತವೆ, ಟ್ಯಾಂಕಿನಲ್ಲಿ ಜಿಗುಟು ಕೂತಿರುತ್ತದೆ, ವೈಂಡಿಂಗಿಗೆ ತೇವ ಹಿಡಿದಿರುತ್ತದೆ. ಎಣ್ಣೆ, ಫಿಲ್ಟರು, ಪೈಪು ಬದಲಿಸಿ, ಎಂಜಿನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ. ಆಲ್ಟರ್ನೇಟರನ್ನು 500 ವೋಲ್ಟಿನ ಮೆಗ್ಗರಿನಿಂದ ಪರೀಕ್ಷಿಸಬೇಕು, ಆಗ ಎ.ವಿ.ಆರ್. ಕಳಚಿರಲೇಬೇಕು. ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಚಾಲೂ ಮಾಡದೆ, ಒಳಗೆ ನೂರು ಕ್ಯಾಂಡಲಿನ ಹಳೆಯ ಬಲ್ಬು ಉರಿಸಿ ಒಂದೆರಡು ದಿನ ಒಣಗಿಸಿ.

ಬ್ಯಾಟರಿ ವ್ಯವಸ್ಥೆ ಹೆಚ್ಚಾಗಿ 24 ವೋಲ್ಟಿನದು, 12ರ ಎರಡು ಬ್ಯಾಟರಿ ಸಾಲಾಗಿ. ಎರಡೂ ಒಂದೇ ಪ್ರಾಯದವಾಗಿರಲಿ. ಒಂದರಿಂದ ಮಾತ್ರ ದೀಪಕ್ಕೆ ಕರೆಂಟು ಕದ್ದರೆ ಎರಡೂ ಹಾಳಾಗುತ್ತವೆ.

ನಮ್ಮ ಮಳೆಗಾಲಕ್ಕೆ ತಕ್ಕ ಪಾಲನೆ

ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಪಂಪಿನ ಭಾರ ಹಾಕಿಯೇ ಓಡಿಸಬೇಕು. ಟ್ಯಾಂಕು ತುಂಬಿರಲಿ, ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ನೀರಾಗಿ ಇಳಿಯುತ್ತದೆ. ತಿಂಗಳಿಗೊಮ್ಮೆ ಡೀಸೆಲ್ ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ ನೀರು ಬಿಡಿ. ಗಂಟೆ ಲೆಕ್ಕಕ್ಕೆ ಬಾರದಿದ್ದರೂ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್ ಬದಲಿಸಿ. ಗಾಳಿಯಿಂದ ತಂಪಾಗುವ ಎಂಜಿನಾದರೆ ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ಧೂಳು ರೆಕ್ಕೆಗಳ ನಡುವೆ ತುಂಬುತ್ತದೆ, ಬ್ರಶ್ಶಿನಿಂದ ತೆಗೆಯಿರಿ. ಸೈಲೆನ್ಸರಿನ ಬಾಯಿಗೆ ಡಬ್ಬಿ ಕವುಚಿಡಿ, ಇಲ್ಲವಾದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಚಾಲೂ ಮಾಡುವಾಗ ಡಬ್ಬಿ ತೆಗೆಯಲು ಮರೆಯದಿರಿ.

ಮಳೆ ತಾಗದಿರಲೆಂದು ಸೆಟ್ಟನ್ನು ಬಚ್ಚಲು ಕೋಣೆಯಲ್ಲೋ ಕೊಟ್ಟಿಗೆಯಲ್ಲೋ ಇಡುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರ, ನಾಲ್ಕು ಕಡೆ ತೆರೆದ ಮಾಡಿನ ಕೆಳಗೇ ಇಡಬೇಕು.

ಟ್ರೈಲರ್ ವಿಚಾರ

ಟಯರಿನ ಅಳತೆ ಪೇಟೆಯಲ್ಲಿ ಸಿಗುವಂಥದೋ ನೋಡಿ. ಹಳೆಯ ಕಾಲು ಟನ್ನಿನ ಜೀಪ್ ಟ್ರೈಲರಿನದು 6.00-16, ಜೀಪಿನದೇ ಅಳತೆ. ಕಪ್ಪಗೆ ಹೊಸತಾಗಿ ಕಂಡರೂ ಟಯರಿನ ಬದಿಯ ನಾಲ್ಕು ಅಂಕಿ ಓದಿ: 2312 ಎಂದರೆ 2012ರ 23ನೇ ವಾರ. ಎರಡು ಹೋಳಾಗಿ ಬೋಲ್ಟು ಹಾಕಿದ ಮಿಲಿಟರಿ ಚಕ್ರವನ್ನು ಗಾಳಿ ಪೂರ್ತಿ ಬಿಡದೆ ಎಂದೂ ಬಿಚ್ಚಬಾರದು. ಹೋಳು ಸಿಡಿದು ಜೀವ ತೆಗೆಯುತ್ತದೆ. ಮಳೆಗಾಲ ಮುಗಿದೊಡನೆ ಹಬ್ಬು ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸು ತುಂಬಿ. ಬಹಳ ದಿನ ನಿಲ್ಲಿಸುವುದಾದರೆ ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಚಕ್ರ ಎತ್ತಿಡಿ. ಸರಕು ಹೇರುವಾಗ ಭಾರದ ಹತ್ತನೇ ಒಂದು ಪಾಲಿನಷ್ಟು ಕೊಂಡಿಯ ಮೇಲೆ ಬೀಳಬೇಕು. ಹಿಂದಕ್ಕೆ ಭಾರವಾದರೆ ಇಳಿಜಾರಿನಲ್ಲಿ ಓಲಾಡುತ್ತದೆ.

ರಸ್ತೆಯಲ್ಲಿ ಎಳೆಯಲು ನೋಂದಣಿ ಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ರಕ್ಷಣಾ ಕಾರ್ಯದ ವಿಶೇಷ ವಾಹನಗಳಿಗೆ ವಿನಾಯಿತಿ ಉಂಟು. ಆದುದರಿಂದ ಹರಾಜಿನ ಮೂಲ ಕಾಗದ ತೋರಿಸಿ, ಆರ್.ಟಿ.ಒ. ಕಚೇರಿಯಲ್ಲಿ ಕೇಳಿಯೇ ಹಣ ಕೊಡಿ.

ತಂತಿಯ ಆಚೆ ಇರುವವನು

ನಾನು ಎರಡನೆಯ ಸಲ ಕೊಂಡದ್ದು ದೇಶೀ ಡೀಸೆಲ್ ಎಂಜಿನಿನ ಸೆಟ್ಟು. ಅದು ಚೆನ್ನಾಗಿ ನಡೆಯಿತು. ತಪ್ಪು ಮಾಡಿದ್ದು ನಾನು. ಒಂದು ಮಳೆಯ ಸಂಜೆ ಅವಸರಕ್ಕೆ, ಎರಡೂ ತುದಿಗೆ ಪಿನ್ನು ಇರುವ ವಯರನ್ನು ಗೋಡೆಯ ಸಾಕೆಟಿಗೆ ಚುಚ್ಚಿ ಮನೆಗೆ ಬೆಳಕು ಕೊಟ್ಟೆ. ಮೈನ್ ಸ್ವಿಚ್ ತೆಗೆದಿರಲಿಲ್ಲ. ನಮ್ಮ ಕಂಬದ ಆಚೆ ತಂತಿ ತುಂಡಾಗಿ ಬಿದ್ದಿತ್ತು, ಅದನ್ನು ಕಟ್ಟಲು ಲೈನ್‌ಮನ್ ಕಂಬ ಹತ್ತಿದ್ದ. ಪಕ್ಕದ ಮನೆಯ ಅಕ್ಕ ಅಂಗಳಕ್ಕೆ ಓಡಿ ಬಂದು ಕೂಗಿದರು: "ನಮ್ಮಲ್ಲಿ ಲೈಟು ಬಂತಲ್ಲ ಮಾರಾಯ್ರೆ, ನೀವಿನ್ನೂ ಕಂಬದಲ್ಲೇ ಇದ್ದೀರಿ!" ಅವನು ಕೈ ಹಿಂದೆ ತೆಗೆದ. ಕೆಳಗಿಳಿದು ನಮ್ಮ ಮನೆಗೆ ಬಂದು, "ನಮಗೂ ಮನೆಯಲ್ಲಿ ಮಕ್ಕಳಿದ್ದಾರೆ ಸ್ವಾಮಿ" ಎಂದಷ್ಟೇ ಹೇಳಿದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಜನರೇಟರಿನ ಕರೆಂಟು ಮೀಟರು ದಾಟಿ ತಂತಿಗೆ ಹೋದರೆ, ಟ್ರಾನ್ಸ್‌ಫಾರ್ಮರು ಅದನ್ನು ಹಿಮ್ಮುಖವಾಗಿ 11,000 ವೋಲ್ಟಿಗೆ ಏರಿಸಲೂಬಹುದು. ಆದುದರಿಂದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಗೆ ಜೋಡಿಸಲೇಬಾರದು. ಮೂರು ಫೇಸಿಗೆ ನಾಲ್ಕು ಪೋಲಿನದು ಹಾಕಿಸಿ, ನ್ಯೂಟ್ರಲ್ ಕೂಡ ಬೇರ್ಪಡಬೇಕು. ಲೈಸೆನ್ಸಿರುವ ಕಂಟ್ರಾಕ್ಟರರಿಂದಲೇ ಮಾಡಿಸಿ, ಜನರೇಟರಿಗೆ ಪ್ರತ್ಯೇಕ ಅರ್ಥ್ ಹಾಕಿಸಿ, ವಿದ್ಯುತ್ ಕಂಪೆನಿಯ ಶಾಖಾ ಕಚೇರಿಗೆ ತಿಳಿಸಿ.

ಮಹಾಸಭೆಯ ಮುಂದೆ

ಲಾಟು ತರಿಸುವ ವಿಷಯ ಮಹಾಸಭೆಗೆ ಬರಲಿದೆ. ಕಾರ್ಯದರ್ಶಿಯಾಗಿ ನನ್ನ ಸಲಹೆ ಇಷ್ಟು: ಕಣ್ಣಾರೆ ನೋಡದ ಲಾಟಿಗೆ ಸಂಘದ ಹಣ ಹಾಕಬಾರದು. ಎಂಜಿನ್ ದೇಶೀಯವಾಗಿದ್ದು, ಮೇಲೆ ಹೇಳಿದ ಐದು ಭಾಗಗಳು ಸಿಗುವುದು ಖಚಿತವಾದರೆ, ಒಂದೇ ಮಾದರಿಯ ಸೆಟ್ಟುಗಳನ್ನು ಮಾತ್ರ ತರಬಹುದು. ಒಂದೇ ಮಾದರಿಯಾದರೆ ಸಂಘದಲ್ಲಿ ಒಂದು ಕಪಾಟು ಬಿಡಿಭಾಗ ಎಲ್ಲರಿಗೂ ಸಾಕಾಗುತ್ತದೆ. ಸತ್ತ ಸೆಟ್ಟೊಂದು ಉಳಿದವಕ್ಕೆ ಅಂಗದಾನ ಮಾಡುತ್ತದೆ. ಹತ್ತು ಮಾದರಿಯ ಹತ್ತು ಸೆಟ್ಟು ತಂದರೆ ಹತ್ತು ತೋಟಗಳಲ್ಲಿ ಹತ್ತು ಹಸುರು ಸ್ಮಾರಕಗಳಾಗುತ್ತವೆ. ಸೆಟ್ಟಿನ ಜೊತೆಗೇ ಚೇಂಜ್‌ಓವರ್ ಸ್ವಿಚ್ಚಿನ ಹಣವನ್ನೂ ಕಟ್ಟದವರಿಗೆ ಸೆಟ್ಟು ಕೊಡಬಾರದು.

ಸದ್ಯಕ್ಕೆ ಒಂದು ಉಪಕಾರ ಮಾಡಿ. ನಿಮ್ಮಲ್ಲಿ ಈಗಾಗಲೇ ಇರುವ ಎಂಜಿನ್, ಜನರೇಟರು, ಟ್ರೈಲರುಗಳ ಫಲಕದ ವಿವರ, ಬೇರಿಂಗು, ಬೆಲ್ಟು, ಫಿಲ್ಟರುಗಳ ನಂಬರು, ಅವು ಸಿಕ್ಕಿದ ಅಂಗಡಿ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕಚೇರಿಗೆ ಮುಟ್ಟಿಸಿ. ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಮಾಡಿಡುತ್ತೇವೆ. ಬರೆಯುವಾಗ ಫಲಕದ ಮಸಿ ಒರಸಿ, ಅಂಕಿಯ ಮುಂದೆ ಏನಿದೆ ಎಂಬುದನ್ನೂ ಓದಿ. ನಾನು ಓದದೆ ಬಿಟ್ಟದ್ದು ಅದನ್ನೇ.

ಕಾರ್ಯದರ್ಶಿ